ನಿಲ್ಲುವುದನ್ನು ಕಲಿಸಿದವರು

ನಮ್ಮ ಮನೆಯ ಅಟ್ಟದ ಮೇಲೊಂದು ಟ್ರಂಕ್ ಇದೆ. ಅದರೊಳಗೆ ಹಳೇ ಬನಿಯನ್ನಿನಲ್ಲಿ ಸುತ್ತಿಟ್ಟ ಒಂದು ಜೊತೆ ಕಪ್ಪು ಬೂಟು. ಪ್ರತಿ ನವೆಂಬರಿನಲ್ಲಿ ಅದನ್ನು ಕೆಳಗಿಳಿಸಿ, ವರಾಂಡದಲ್ಲಿ ನ್ಯೂಸ್ ಪೇಪರ್ ಹಾಸಿಕೊಂಡು ಪಾಲಿಶ್ ಮಾಡಲು ಕೂರುತ್ತೇನೆ. ಈಗ ಅದನ್ನು ಹಾಕಿಕೊಂಡು ಹೋಗಬೇಕಾದ ಜಾಗ ಯಾವುದೂ ಇಲ್ಲ. ಆದರೂ ಮಾಡುತ್ತೇನೆ.

ಬ್ರಿಟಿಷ್ ಸೈನ್ಯದಲ್ಲಿ ಇದಕ್ಕೆ ‘ಬುಲ್’ ಮಾಡೋದು ಅಂತಾರೆ. ‘ಕೀವಿ’ ಬ್ರ್ಯಾಂಡಿನ ಬೂಟ್ ಪಾಲಿಶ್ ಡಬ್ಬಿಯ ಮುಚ್ಚಳದಲ್ಲಿ ಸ್ವಲ್ಪ ತಣ್ಣೀರು. ಹಳದಿ ಬಟ್ಟೆಯನ್ನು ಎರಡು ಬೆರಳಿಗೆ ಬಿಗಿಯಾಗಿ ಸುತ್ತಬೇಕು, ಒಂದು ಸುಕ್ಕೂ ಇರಬಾರದು. ಒಂಚೂರು ಪಾಲಿಶ್, ಒಂದು ಹನಿ ನೀರು, ಬೂಟಿನ ಮೂತಿಯ ಮೇಲೆ ನಾಲ್ಕಾಣೆ ನಾಣ್ಯದಷ್ಟು ಚಿಕ್ಕ ಚಿಕ್ಕ ಸುತ್ತು. ಮೊದಲ ಅರ್ಧ ಗಂಟೆ ಬರೀ ಮಂಕು. ಕೈ ನೋಯುತ್ತೆ, ಬೇಜಾರಾಗುತ್ತೆ. ಆಮೇಲೆ ಯಾವಾಗಲೋ ಒಂದು ಕ್ಷಣದಲ್ಲಿ ಆ ಮಂಕಿನ ಅಡಿಯಿಂದ ಕಪ್ಪು ಗಾಜು ಎದ್ದು ಬರುತ್ತೆ. ತಲೆ ಮೇಲಿನ ಬಲ್ಬು ಅದರಲ್ಲಿ ಕಾಣಿಸಿದರೆ ಮುಗಿಯಿತು ಅಂತ ಲೆಕ್ಕ.

ನಾನು ಇಂಗ್ಲೆಂಡಿಗೆ ಹೋಗಿದ್ದು ಕೆಲಸಕ್ಕೆ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಬ್ರಿಟಿಷ್ ಸೈನ್ಯಕ್ಕೆ ಸೇರಬಹುದು ಅಂತ ಗೊತ್ತಾಗಿದ್ದು ಅಲ್ಲಿಗೆ ಹೋದಮೇಲೆ. ಕೆಲಸದಲ್ಲಿದ್ದುಕೊಂಡೇ ಸೇರಬಹುದಾದ ಅರೆಕಾಲಿಕ ಪಡೆಗೆ ಆಗ ಟೆರಿಟೋರಿಯಲ್ ಆರ್ಮಿ ಅಂತಿದ್ದರು. ವಾರಕ್ಕೊಂದು ಸಂಜೆ, ತಿಂಗಳಿಗೆ ಒಂದೆರಡು ವಾರಾಂತ್ಯ, ವರ್ಷಕ್ಕೆ ಎರಡು ವಾರ ಕ್ಯಾಂಪ್. ಬೆಂಗಳೂರಿನಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿದ್ದೆ. ಆ ದಿನಗಳು ಬಿಟ್ಟುಹೋದ ಕೊರಗು ಒಳಗೇ ಇತ್ತು. ಹೋಗಿ ಹೆಸರು ಕೊಟ್ಟೆ.

ಮೊದಲ ಸಂಜೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಂಪು ಇಟ್ಟಿಗೆಯ ಹಳೇ ಕಟ್ಟಡ, ಮರದ ನೆಲ, ಎತ್ತರದ ಕಿಟಕಿ. ಹೊರಗೆ ಮಳೆ. ಅರಮನೆ ಕಾಯುವ ಗಾರ್ಡ್ಸ್ ರೆಜಿಮೆಂಟಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದ್ದು ಬಂದ ಸಾರ್ಜೆಂಟ್ ನಮ್ಮೆದುರು. ಅವರ ಕಂಕುಳಲ್ಲಿ ಪೇಸ್ ಸ್ಟಿಕ್. ಜಾಮಿಟ್ರಿ ಬಾಕ್ಸಿನ ಕೈವಾರವನ್ನು ಸೊಂಟದೆತ್ತರಕ್ಕೆ ಬೆಳೆಸಿದರೆ ಹೇಗಿರುತ್ತೋ ಹಾಗೆ. ಮರದ್ದು, ತುದಿಗೆ ಹಿತ್ತಾಳೆ. ಅದನ್ನು ಬಿಡಿಸಿ, ಎರಡು ಕಾಲನ್ನೂ ಒಂದಾದ ಮೇಲೊಂದು ನೆಲಕ್ಕೆ ಊರುತ್ತಾ ನಮ್ಮ ಪಕ್ಕದಲ್ಲೇ ನಡೆಯುತ್ತಿದ್ದರು. ಹೆಜ್ಜೆ ಅಂದರೆ 30 ಇಂಚು. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಗಾರ್ಡ್ಸ್ ನಿಮಿಷಕ್ಕೆ 116 ಹೆಜ್ಜೆ ಹಾಕುತ್ತಾರೆ, ರೈಫಲ್ಸ್ ರೆಜಿಮೆಂಟಿನವರು 140. ಸ್ಲೋ ಮಾರ್ಚ್ ಆದರೆ 65. ಈ ಸಂಖ್ಯೆಗಳು ನನಗೆ ಮಗ್ಗಿಯ ಹಾಗೆ ಇವತ್ತಿಗೂ ಬಾಯಲ್ಲಿವೆ.

‘ಸಾವ್‌ಧಾನ್’, ‘ದಾಹಿನೆ ಮುಡ್’ ಅಂತ ಹಿಂದಿಯಲ್ಲಿ ಕಲಿತ ಮೈ ನನ್ನದು. ಇಲ್ಲಿ ಇಂಗ್ಲಿಷ್ ಆಜ್ಞೆ. ಅದೂ ‘ಅಟೆನ್‌ಶನ್’ ಅನ್ನೋ ಪದವನ್ನು ಅರ್ಧ ನುಂಗಿ, ಕೊನೆಯ ‘ಶನ್’ ಮಾತ್ರ ಚಾಟಿ ಬೀಸಿದ ಹಾಗೆ ಬರುತ್ತಿತ್ತು. ಮೊದಲ ಎರಡು ವಾರ ತಡವರಿಸಿದೆ. ಆಮೇಲೆ ಗೊತ್ತಾಯಿತು, ಮಾತು ಬೇರೆಯಾದರೂ ಲೆಕ್ಕ ಅದೇ. ಒನ್, ಟೂ ತ್ರೀ, ಒನ್. ಒಂದು ಚಲನೆ, ಅದಾದ ಮೇಲೆ ಎರಡು ಎಣಿಕೆಯಷ್ಟು ಬಿಡುವು, ಮತ್ತೆ ಒಂದು ಚಲನೆ. ನಮ್ಮ ಹವಾಲ್ದಾರರು ಏಕ್, ದೋ ತೀನ್, ಏಕ್ ಅಂತಿದ್ದದ್ದು ಇದನ್ನೇ. ಮಂಡಿ ಎತ್ತಿ ಹಿಮ್ಮಡಿ ಊರುವ ರೀತಿ, ಭುಜದೆತ್ತರಕ್ಕೆ ನೇರವಾಗಿ ಬೀಸುವ ಕೈ, ಎಲ್ಲಾ ಪರಿಚಯದ್ದೇ. ಹವಾಲ್ದಾರರ ಗುರುವಿನ ಗುರುವಿಗೆ ಇದನ್ನು ಕಲಿಸಿದ್ದು ಇದೇ ಸೈನ್ಯ ಅಲ್ವಾ. ದೊಡ್ಡಪ್ಪನ ಮನೆಗೆ ಮೊದಲ ಸಲ ಹೋದಾಗ ಅಡುಗೆಮನೆಯ ಪಾತ್ರೆಗಳು ನಮ್ಮ ಮನೆಯ ಹಾಗೇ ಜೋಡಿಸಿದ್ದನ್ನು ಕಂಡಂತಾಯಿತು.

ನಡೆಯುವುದಕ್ಕಿಂತ ನಿಲ್ಲುವುದು ಕಷ್ಟ. ಇದು ಹೊರಗಿನವರಿಗೆ ಗೊತ್ತಾಗಲ್ಲ. ಯುದ್ಧದಲ್ಲಿ ಸತ್ತವರನ್ನು ನೆನೆಯುವ ನವೆಂಬರ್‌ನ ರಿಮೆಂಬರೆನ್ಸ್ ಸಂಡೇ ದಿನ ಊರ ಯುದ್ಧಸ್ಮಾರಕದ ಮುಂದೆ ನಿಂತಿದ್ದೆವು. 11 ಗಂಟೆಗೆ ಎರಡು ನಿಮಿಷ ಮೌನ. ಅದಕ್ಕೆ ಮುಂಚೆ, ಆಮೇಲೆ, ಪ್ರಾರ್ಥನೆ, ಹಾರ ಇಡುವುದು, ಎಲ್ಲಾ ಸೇರಿ ಮುಕ್ಕಾಲು ಗಂಟೆ. ಮೂಳೆ ಕೊರೆಯುವ ಚಳಿ. ನನ್ನ ಪಕ್ಕದ ಹುಡುಗ, ಹತ್ತೊಂಬತ್ತು ವರ್ಷ ಇರಬಹುದು, ನಿಧಾನಕ್ಕೆ ಓಲಾಡತೊಡಗಿದ. ಮುಖ ಬಿಳಚಿಕೊಂಡಿತ್ತು. ಕಣ್ಣಂಚಿನಲ್ಲಿ ನೋಡುತ್ತಿದ್ದೇನೆ, ಕೈ ಚಾಚುವ ಹಾಗಿಲ್ಲ. ಅಷ್ಟರಲ್ಲಿ ಹಿಂದಿನಿಂದ ಸಾರ್ಜೆಂಟ್ ದನಿ, ಅವನಿಗೂ ನನಗೂ ಮಾತ್ರ ಕೇಳುವಷ್ಟು ಮೆಲ್ಲಗೆ: “ಬೂಟಿನೊಳಗೆ ಬೆರಳು ಆಡಿಸು ಮಗಾ. ಯಾರಿಗೂ ಕಾಣಲ್ಲ. ಆಡಿಸ್ತಾನೇ ಇರು.” ಡ್ರಿಲ್ ಹಾಲ್‌ನಲ್ಲಿ ಗಾಜು ಅದುರುವ ಹಾಗೆ ಕೂಗುತ್ತಿದ್ದ ಮನುಷ್ಯನ ಗಂಟಲಲ್ಲಿ ಅಷ್ಟು ಮೆತ್ತನೆಯ ದನಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಹುಡುಗ ಬೀಳಲಿಲ್ಲ. ಕೊನೇತನಕ ನಿಂತ.

ಆ ಸಾರ್ಜೆಂಟ್ ಅವರೇ ಒಂದು ರಾತ್ರಿ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ನನಗೆ ಜಾನ್ ಲಾರ್ಡ್ ಅವರ ಕಥೆ ಹೇಳಿದರು. ಅವತ್ತಿನಿಂದ ಕವಾಯತು ಅಂದರೆ ನನಗೆ ಬೇರೆಯೇ ಅರ್ಥ.

ಲಾರ್ಡ್ ಗ್ರೆನೇಡಿಯರ್ ಗಾರ್ಡ್ಸ್‌ನಲ್ಲಿ ಬೆಳೆದವರು. 1941ರಲ್ಲಿ ಹೊಸದಾಗಿ ಕಟ್ಟಿದ 3ನೇ ಪ್ಯಾರಾಚೂಟ್ ಬೆಟಾಲಿಯನ್ನಿಗೆ ರೆಜಿಮೆಂಟಲ್ ಸಾರ್ಜೆಂಟ್ ಮೇಜರ್ ಆಗಿ ಬಂದರು. ಚರ್ಚಿಲ್ 1940ರ ಜೂನ್‌ನಲ್ಲಿ 5,000 ಪ್ಯಾರಾಚೂಟ್ ಸೈನಿಕರು ಬೇಕು ಅಂದಾಗ ಬ್ರಿಟನ್ ಹತ್ತಿರ ಏನೂ ಇರಲಿಲ್ಲ. ಮ್ಯಾಂಚೆಸ್ಟರ್ ಹತ್ತಿರದ ರಿಂಗ್‌ವೇಯಲ್ಲಿ ತರಬೇತಿ ಶುರುವಾಯಿತು. ಹಳೇ ವಿಟ್ಲಿ ಬಾಂಬರ್ ವಿಮಾನದ ಹೊಟ್ಟೆಯಲ್ಲಿ ಒಂದು ತೂತು. ಅದರ ಅಂಚಿನಲ್ಲಿ ಕೂತು ಕೆಳಗೆ ಜಾರಬೇಕು. ಸ್ವಲ್ಪ ಮುಂದಕ್ಕೆ ಬಾಗಿದರೂ ಎದುರಿನ ಅಂಚು ಮೂಗಿಗೆ ಬಡಿಯುತ್ತಿತ್ತು. ಅದಕ್ಕೆ ‘ಗಂಟೆ ಬಾರಿಸೋದು’ ಅಂತ ಸೈನಿಕರು ಹೆಸರಿಟ್ಟಿದ್ದರು. ಹಾಗೆ ಹಾರಲು ಕಲಿತವರು ಎಲ್ಲೆಲ್ಲಿಂದಲೋ ಸ್ವಇಚ್ಛೆಯಿಂದ ಬಂದ ಗಟ್ಟಿ ಜನ. ಅಂಥವರನ್ನು ಗಾರ್ಡ್ಸ್ ಶಿಸ್ತಿಗೆ ತರುವುದು ಲಾರ್ಡ್ ಅವರ ಕೆಲಸ.

1944ರ ಸೆಪ್ಟೆಂಬರ್‌ನಲ್ಲಿ ಹಾಲೆಂಡಿನ ಆರ್ನೆಮ್ ಊರಿನ ಯುದ್ಧದಲ್ಲಿ ಅವರು ಗಾಯಗೊಂಡು ಸೆರೆಸಿಕ್ಕರು. ಕರೆದುಕೊಂಡು ಹೋಗಿದ್ದು ಜರ್ಮನಿಯ ಫಾಲಿಂಗ್‌ಬಾಸ್ಟೆಲ್‌ನ ಸ್ಟಾಲಾಗ್ 11ಬಿ ಅನ್ನೋ ಸೆರೆ ಶಿಬಿರಕ್ಕೆ. ಗಿಜಿಗುಡುವ ಜನ, ಹೊಟ್ಟೆಗಿಲ್ಲ, ಹೊದೆಯಲು ಇಲ್ಲ, ಕೊಳಕು, ಕಾಯಿಲೆ. ಸೋತು ಬಂದ ಸೈನಿಕರು ಗಡ್ಡ ಬಿಟ್ಟು, ಗೋಡೆಗೊರಗಿ ಕುಸಿದು ಕೂತಿದ್ದರು. ಲಾರ್ಡ್ ಏನು ಮಾಡಿದರು ಗೊತ್ತಾ? ಪೆರೇಡ್ ಶುರು ಮಾಡಿದರು. ಗಡ್ಡ ಹೆರೆಯಬೇಕು, ಸಾಲಿನಲ್ಲಿ ನಿಲ್ಲಬೇಕು, ವ್ಯಾಯಾಮ ಮಾಡಬೇಕು. ಶಿಬಿರದಲ್ಲಿ ಯಾರಾದರೂ ಸತ್ತರೆ ಸೈನಿಕನಿಗೆ ಸಲ್ಲಬೇಕಾದ ಪೂರ್ತಿ ಮರ್ಯಾದೆಯೊಂದಿಗೇ ಹೆಣ ಹೊರಬೇಕು. ಹಸಿದವರ ಕೈಲಿ ಕವಾಯತು ಮಾಡಿಸೋದು ಕ್ರೂರ ಅಂತ ಕೇಳಿದ ಕೂಡಲೇ ಅನ್ನಿಸುತ್ತೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಅಲ್ಲಿದ್ದವರೇ ಆಮೇಲೆ ಹೇಳಿದ್ದು, ಆ ಶಿಸ್ತಿನಿಂದ ನಮ್ಮ ಜೀವ ಉಳೀತು ಅಂತ. ಎಲ್ಲಾ ಕಿತ್ತುಕೊಂಡ ಮೇಲೂ ಒಬ್ಬ ಮನುಷ್ಯ ನೆಟ್ಟಗೆ ನಿಲ್ಲಬಹುದು. ಅದೊಂದನ್ನು ಕಿತ್ತುಕೊಳ್ಳೋಕೆ ಕಾವಲುಗಾರರ ಕೈಲಿ ಆಗಲಿಲ್ಲ.

1945ರ ಏಪ್ರಿಲ್ 16ರಂದು ಬ್ರಿಟಿಷ್ ಟ್ಯಾಂಕುಗಳು ಆ ಶಿಬಿರದ ಹತ್ತಿರ ಬಂದಾಗ ಗೇಟಿನಲ್ಲಿ ಒಪ್ಪ ಓರಣವಾಗಿ ನಿಂತ ಕಾವಲು ಕಂಡಿತು. ಬೆಲ್ಟು, ಬೂಟು, ಎಲ್ಲಾ ಥಳಥಳ. ಬಿಡಿಸಲು ಬಂದವರಿಗೆ ಇವರು ಸೆರೆಯಾಳುಗಳು ಅಂತ ನಂಬೋದೇ ಕಷ್ಟವಾಯಿತಂತೆ. ತನ್ನ ಹುಡುಗರೆಲ್ಲಾ ಹೊರಡೋವರೆಗೆ ಲಾರ್ಡ್ ಹೊರಡಲಿಲ್ಲ. ಯುದ್ಧ ಮುಗಿದ ಮೇಲೆ 1948ರಿಂದ 1963ರವರೆಗೆ ಸ್ಯಾಂಡ್‌ಹರ್ಸ್ಟ್ ಅಕಾಡೆಮಿಯ ಸಾರ್ಜೆಂಟ್ ಮೇಜರ್ ಆಗಿದ್ದರು. ಹದಿನೈದು ವರ್ಷ, ಒಂದು ತಲೆಮಾರಿನ ಅಧಿಕಾರಿಗಳೆಲ್ಲಾ ಅವರ ದನಿ ಕೇಳಿ ಬೆಳೆದರು.

ಈ ಕಥೆ ಕೇಳಿದ ಮೇಲೆ ಆರ್ನೆಮ್ ನನ್ನನ್ನು ಬಿಡಲಿಲ್ಲ. ಸಿಕ್ಕಿದ್ದನ್ನೆಲ್ಲಾ ಓದಿದೆ. ಯುದ್ಧದ ಲೆಕ್ಕದಲ್ಲಿ ಅದು ಸೋಲು. ಸೆಪ್ಟೆಂಬರ್ 17ರಂದು ಬ್ರಿಟನ್ನಿನ 1ನೇ ಏರ್‌ಬೋರ್ನ್ ಡಿವಿಜನ್, ಅಂದರೆ ಆಕಾಶದಿಂದ ಇಳಿಯುವ ಪಡೆ, ಆರ್ನೆಮ್‌ನಲ್ಲಿ ರೈನ್ ನದಿಯ ಸೇತುವೆ ಹಿಡಿಯಲು ಹಾಲೆಂಡಿನಲ್ಲಿ ಇಳಿಯತೊಡಗಿತು. ಒಟ್ಟು ಸುಮಾರು 10,000 ಜನ. ಒಂಬತ್ತು ದಿನದ ಮೇಲೆ ರೈನ್ ನದಿ ದಾಟಿ ವಾಪಸ್ ಬಂದವರು ಸುಮಾರು 2,400. ಸೇತುವೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಇಳಿಸಿದ್ದು, ಎಲ್ಲರನ್ನೂ ಒಂದೇ ದಿನ ಇಳಿಸದೆ ಕಂತು ಕಂತಾಗಿ ಕಳಿಸಿದ್ದು, ಕೆಲಸ ಮಾಡದ ರೇಡಿಯೋಗಳು, ಪಕ್ಕದಲ್ಲೇ ಬೀಡುಬಿಟ್ಟಿದ್ದ ಜರ್ಮನ್ನರ ಎರಡು ಎಸ್‌ಎಸ್ ಪೆಂಜರ್ (ಟ್ಯಾಂಕು) ಡಿವಿಜನ್‌ಗಳು. ಇದನ್ನೆಲ್ಲಾ ಬಲ್ಲವರು ಬೇಕಾದಷ್ಟು ಚರ್ಚೆ ಮಾಡಿದ್ದಾರೆ. ನನಗೆ ಅಲ್ಲಿನ ಮನುಷ್ಯರು ಮುಖ್ಯ.

ಆರ್ನೆಮ್‌ನಲ್ಲಿ ಪ್ಯಾರಾಚೂಟ್ ಬೆಟಾಲಿಯನ್ ಒಂದರ ಮುಖ್ಯಸ್ಥರಾಗಿದ್ದ ಜಾನ್ ಫ್ರಾಸ್ಟ್ ಹುಟ್ಟಿದ್ದು ನಮ್ಮ ಪುಣೆಯಲ್ಲಿ, 1912ರ ಡಿಸೆಂಬರ್ 31ರಂದು. 1942ರ ಫೆಬ್ರವರಿಯಲ್ಲಿ ಫ್ರಾನ್ಸಿನ ಬ್ರೂನೆವಾಲ್ ಕಡಲತೀರದಲ್ಲಿ ರಾತ್ರೋರಾತ್ರಿ ಇಳಿದು, ಜರ್ಮನ್ ರೇಡಾರ್ ಒಂದರ ಭಾಗಗಳನ್ನೇ ಬಿಚ್ಚಿಕೊಂಡು ದೋಣಿಯಲ್ಲಿ ವಾಪಸ್ ಬಂದ ದಾಳಿ ಅವರ ನಾಯಕತ್ವದ್ದು. ಇರಾಕಿನಲ್ಲಿದ್ದಾಗ ಬೇಟೆಯ ಗೆಳೆಯರು ಕೊಟ್ಟ ತಾಮ್ರದ ಕೊಂಬು ಸದಾ ಜೊತೆಗಿರುತ್ತಿತ್ತು. ಚದುರಿದ ಹುಡುಗರನ್ನು ಒಟ್ಟು ಸೇರಿಸಲು ಅದನ್ನು ಊದುತ್ತಿದ್ದರು. ಆರ್ನೆಮ್ ಸೇತುವೆಯ ಉತ್ತರ ತುದಿ ತಲುಪಿದ್ದು ಅವರೊಂದಿಗೆ ಸುಮಾರು 740 ಜನ ಮಾತ್ರ. ಇಡೀ ಡಿವಿಜನ್ ಸೇರಿ 48 ಗಂಟೆ ಹಿಡಿದುಕೊಂಡರೆ ಸಾಕು, ಅಷ್ಟರಲ್ಲಿ ದಕ್ಷಿಣದಿಂದ ಟ್ಯಾಂಕುಗಳು ಬರುತ್ತವೆ ಅಂತ ಯೋಜನೆ. ಟ್ಯಾಂಕು ಬರಲಿಲ್ಲ. ಈ 740 ಜನ ಮೂರು ಹಗಲು ನಾಲ್ಕು ರಾತ್ರಿ ಹಿಡಿದರು. ಫ್ರಾಸ್ಟ್ ಎರಡೂ ಕಾಲಿಗೆ ಪೆಟ್ಟು ತಿಂದು, ಉರಿಯುವ ಮನೆಗಳ ನಡುವೆ ನೆಲಮಾಳಿಗೆಯಲ್ಲಿ ಗಾಯಾಳುಗಳ ಜೊತೆ ಮಲಗಿದ್ದಾಗ ಸೆರೆಯಾದರು. ಈಗ ಆ ಜಾಗದ ಸೇತುವೆಗೆ ಅವರದೇ ಹೆಸರು.

ಡಿವಿಜನ್ನಿನ ಮುಖ್ಯಸ್ಥ ರಾಯ್ ಅರ್ಕರ್ಟ್ ಪ್ಯಾರಾಚೂಟ್ ಹಾರಿದವರೇ ಅಲ್ಲ. ವಿಮಾನ ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು. ಆರ್ನೆಮ್‌ಗೆ ಬಂದಿದ್ದು ಎಂಜಿನ್ ಇಲ್ಲದ ಗ್ಲೈಡರ್ ವಿಮಾನದಲ್ಲಿ. ರೇಡಿಯೋ ಕೈಕೊಟ್ಟಾಗ ಏನಾಗ್ತಿದೆ ನೋಡೋಣ ಅಂತ ತಾವೇ ಮುಂದಿನ ಸಾಲಿಗೆ ಹೋಗಿ, ಜರ್ಮನ್ನರ ನಡುವೆ ಸಿಕ್ಕಿಕೊಂಡು, ಒಂದು ಮನೆಯ ಅಟ್ಟದಲ್ಲಿ ಅಡಗಬೇಕಾಯಿತು. ಯುದ್ಧದ ಅತಿ ಮುಖ್ಯ ಹೊತ್ತಿನಲ್ಲಿ ಡಿವಿಜನ್ನಿಗೆ ಯಜಮಾನನೇ ಇಲ್ಲದ ಹಾಗಾಯಿತು. ಅದು ತಪ್ಪು ನಿರ್ಧಾರ ಅಂತ ಬರೆದವರು ಜಾಸ್ತಿ. ಇರಬಹುದು. ಆದರೆ ಆಮೇಲೆ ಆರ್ನೆಮ್ ಪಕ್ಕದ ಊಸ್ಟರ್‌ಬೀಕ್‌ನ ಹಾರ್ಟೆನ್‌ಸ್ಟೈನ್ ಹೋಟೆಲಿನ ಸುತ್ತ ಕುಗ್ಗುತ್ತಾ ಹೋದ ಆ ಚಿಕ್ಕ ವಲಯವನ್ನು ಊಟ, ನೀರು, ಮದ್ದುಗುಂಡು ಯಾವುದೂ ಸರಿಯಾಗಿಲ್ಲದೆ ಅಷ್ಟು ದಿನ ಕಾದುಕೊಂಡವರೂ ಅವರೇ. 25ರ ರಾತ್ರಿ ಸುರಿಯುವ ಮಳೆಯಲ್ಲಿ, ಮರಗಳ ನಡುವೆ ಕಟ್ಟಿದ ಬಿಳಿ ಪಟ್ಟಿ ಹಿಡಿದು ಸಾಲು ಸಾಲಾಗಿ ನದಿಗೆ ಬಂದರು. ಆಚೆ ದಡದಿಂದ ಕೆನಡಾದ ಮತ್ತು ಬ್ರಿಟನ್ನಿನ ಎಂಜಿನಿಯರ್‌ಗಳು ದೋಣಿ ತಂದಿದ್ದರು. ಸದ್ದಾಗಬಾರದು ಅಂತ ಸೈನಿಕರು ಕಂಬಳಿ ಹರಿದು ಬೂಟಿಗೆ ಸುತ್ತಿಕೊಂಡಿದ್ದರು.

ಬೂಟು ಪಾಲಿಶ್ ಮಾಡುವಾಗಲೆಲ್ಲಾ ನನಗೆ ಆ ಬೂಟುಗಳ ನೆನಪು. ವರ್ಷಗಟ್ಟಲೆ ಸದ್ದು ಮಾಡುತ್ತಾ ನೆಲಕ್ಕೆ ಬಡಿಯೋದನ್ನು ಕಲಿತ ಕಾಲುಗಳು, ಅವತ್ತು ಸದ್ದೇ ಇಲ್ಲದೆ ಸಾಲು ತಪ್ಪದೆ ನಡೆದವು.

ಆರ್ನೆಮ್‌ನಲ್ಲೇ ಹೋರಾಡಿದ ಬ್ರಿಗೇಡಿಯರ್ ಶಾನ್ ಹ್ಯಾಕೆಟ್ ಕಥೆ ಬೇರೆ ಥರದ್ದು. ಹೊಟ್ಟೆಗೆ ಚೂರು ಬಿದ್ದು ಇನ್ನೇನು ಉಳಿಯಲ್ಲ ಅಂತಿದ್ದವರನ್ನು ಕ್ಯಾಪ್ಟನ್ ಲಿಪ್‌ಮನ್ ಕೆಸೆಲ್ ಅನ್ನೋ ಸರ್ಜನ್ ಸೇಂಟ್ ಎಲಿಜಬೆತ್ ಆಸ್ಪತ್ರೆಯಲ್ಲಿ ಉಳಿಸಿದರು. ಆಮೇಲೆ ಎಡೆ ಅನ್ನೋ ಊರಿನ ಡಚ್ ಕುಟುಂಬವೊಂದು ತಿಂಗಳುಗಟ್ಟಲೆ ಅವರನ್ನು ಬಚ್ಚಿಟ್ಟು ಸಾಕಿತು. ಸಿಕ್ಕಿಬಿದ್ದರೆ ಮನೆಯವರಿಗೆಲ್ಲಾ ಸಾವು. 1945ರ ಆರಂಭದಲ್ಲಿ ತಪ್ಪಿಸಿಕೊಂಡು ಬಂದರು. ಮುಂದೆ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಿನ್ಸಿಪಾಲ್ ಆದರು.

ಎಲ್ಲಾ ಕಮಾಂಡರ್‌ಗಳನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗಲಾರೆ. ‘ಬಾಯ್’ ಬ್ರೌನಿಂಗ್ ಬ್ರಿಟಿಷ್ ಏರ್‌ಬೋರ್ನ್ ಪಡೆಯನ್ನು ಕಟ್ಟಿ ನಿಲ್ಲಿಸಿದವರು, ಅವರೂ ಗ್ರೆನೇಡಿಯರ್ ಗಾರ್ಡ್ಸ್. ಸ್ಯಾಂಡ್‌ಹರ್ಸ್ಟ್‌ನಲ್ಲಿ ಅಡ್ಜುಟಂಟ್ ಆಗಿದ್ದಾಗ ಪೆರೇಡ್ ಮುಗಿದ ಮೇಲೆ ಕುದುರೆ ಮೇಲೆ ಕೂತೇ ಕಟ್ಟಡದ ಮೆಟ್ಟಿಲು ಹತ್ತಿಹೋದರು, ಅದು ಇವತ್ತಿಗೂ ಸಂಪ್ರದಾಯ. ಇಷ್ಟೆಲ್ಲಾ ಇದ್ದೂ, ಆರ್ನೆಮ್ ಸೋತಾಗ ಅವರು ಬೊಟ್ಟು ಮಾಡಿದ್ದು ಪೋಲೆಂಡಿನ ಪ್ಯಾರಾಚೂಟ್ ಬ್ರಿಗೇಡಿನ ಮುಖ್ಯಸ್ಥ ಸೊಸಬೊವ್‌ಸ್ಕಿ ಕಡೆಗೆ. ಯೋಜನೆಯ ಹುಳುಕನ್ನು ಮೊದಲೇ ಮುಖಕ್ಕೆ ಹೇಳಿದ್ದ ಮನುಷ್ಯ ಅವರು. ತಡವಾಗಿ, ನದಿಯ ಆಚೆ ದಡದ ಡ್ರೀಲ್ ಬಳಿ ಇಳಿಸಿದರೂ ಅವರ ಹುಡುಗರು ನದಿ ದಾಟಲು ಪ್ರಾಣ ಕೊಟ್ಟರು. 1944ರ ಡಿಸೆಂಬರ್‌ನಲ್ಲಿ ಬ್ರಿಗೇಡನ್ನು ಅವರ ಕೈಯಿಂದ ಕಿತ್ತುಕೊಂಡರು. ಯುದ್ಧದ ನಂತರ ಲಂಡನ್ನಿನ ಒಂದು ಕಾರ್ಖಾನೆಯಲ್ಲಿ ದುಡಿದು ಬದುಕಿದರು, 1967ರಲ್ಲಿ ತೀರಿಕೊಂಡರು. ಹಾಲೆಂಡ್ ಅವರಿಗೆ ಪದಕ ಕೊಟ್ಟಿದ್ದು 2006ರಲ್ಲಿ. ಸೇನಾಪತಿ ಅನ್ನೋನು ಸೋಲನ್ನು ತನ್ನ ಹೆಗಲ ಮೇಲೆ ಹಾಕ್ಕೋಬೇಕು. ಬ್ರೌನಿಂಗ್ ಅಲ್ಲಿ ನಿಲ್ಲಲಿಲ್ಲ. ಈ ಒಂದು ವಿಷಯದಲ್ಲಿ ನನಗೆ ಅವರನ್ನು ಕ್ಷಮಿಸೋಕೆ ಆಗಲ್ಲ.

ಇಂಥದೇ ಅನ್ಯಾಯ ನಮ್ಮ ನೆಲದಲ್ಲೂ ಆಗಿದೆ. 1941ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ 50ನೇ ಇಂಡಿಯನ್ ಪ್ಯಾರಾಚೂಟ್ ಬ್ರಿಗೇಡ್ ಹುಟ್ಟಿತು. ಒಂದು ಬ್ರಿಟಿಷ್, ಒಂದು ಭಾರತೀಯ, ಒಂದು ಗೂರ್ಖಾ ಬೆಟಾಲಿಯನ್. 1944ರ ಮಾರ್ಚ್‌ನಲ್ಲಿ ಬ್ರಿಗೇಡಿಯರ್ ಹೋಪ್-ಥಾಮ್ಸನ್ ಈ ಬ್ರಿಗೇಡಿನೊಂದಿಗೆ ಮಣಿಪುರದ ಸಂಗ್‌ಷಾಕ್ ಹಳ್ಳಿಯಲ್ಲಿ ಜಪಾನೀಯರಿಗೆ ಎದುರಾದರು. ಬಂಡೆಯ ನೆಲ, ಆಳವಾಗಿ ಕಂದಕ ತೋಡೋಕೂ ಆಗಲ್ಲ. ಮುಳ್ಳುತಂತಿ ಇಲ್ಲ. ನೀರು ಇಲ್ಲ. ವಿಮಾನದಿಂದ ಹಾಕಿದ ಸಾಮಾನು ಬಹುಪಾಲು ಶತ್ರುವಿನ ಕಡೆ ಬೀಳುತ್ತಿತ್ತು. ಹಾಗಿದ್ದೂ ದಿನಗಟ್ಟಲೆ ಬಿಡದೆ ಹೋರಾಡಿ, 26ರ ರಾತ್ರಿ ಆಜ್ಞೆ ಬಂದ ಮೇಲೆಯೇ ಕಾಡಿನೊಳಗೆ ಹಿಂದೆ ಸರಿದರು. ಬ್ರಿಗೇಡಿಯರ್ ಕೆಲಸ ಹೋಯಿತು, ಹೆಸರೂ ಕೆಟ್ಟಿತು. ಕೊಹಿಮಾ ಮತ್ತು ಇಂಫಾಲ ಉಳಿಯೋಕೆ ಬೇಕಾಗಿದ್ದ ದಿನಗಳನ್ನು ಗಳಿಸಿಕೊಟ್ಟಿದ್ದು ಆ ಗುಡ್ಡ ಅಂತ ಆಮೇಲೆ ಗೊತ್ತಾಯಿತು. ಆ ರಣರಂಗದ ಇಡೀ ಸೈನ್ಯದ ಮುಖ್ಯಸ್ಥ ಜನರಲ್ ಸ್ಲಿಮ್ ಆ ಬ್ರಿಗೇಡಿನ ಉಪಕಾರವನ್ನು ಒಪ್ಪಿಕೊಂಡರು.

ಆ ಬ್ರಿಗೇಡಿನ ವಂಶ ಇವತ್ತು ನಮ್ಮ ಬೆಂಗಳೂರಿನಲ್ಲೇ ಇದೆ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಲ್ಲಿ ಆಗ್ರಾದಿಂದ ಇಲ್ಲಿಗೆ ಬಂತು. ಜೆ.ಸಿ. ನಗರದ ಕಡೆ ಹೋಗುವಾಗ ಮರೂನ್ ಬಣ್ಣದ ಬೆರೆ ಟೋಪಿ ಹಾಕಿದ ಹುಡುಗರು ಸ್ಕೂಟರಿನಲ್ಲಿ, ಎಳನೀರು ಅಂಗಡಿ ಮುಂದೆ ಕಾಣುತ್ತಾರೆ. ಆರ್ನೆಮ್‌ನಲ್ಲಿ ಫ್ರಾಸ್ಟ್ ಅವರ ಹುಡುಗರು ಹಾಕಿದ್ದೂ ಅದೇ ಬಣ್ಣ. ಸಂಗ್‌ಷಾಕ್ ಹೆಸರು ನಮ್ಮ ಶಾಲಾ ಪುಸ್ತಕದಲ್ಲಿ ನಾನು ಓದಲೇ ಇಲ್ಲ. ಅದು ನನಗೆ ನಿಜಕ್ಕೂ ನೋವು.

ಇಂಗ್ಲೆಂಡ್ ಬಿಟ್ಟು ಬರುವ ಮುಂಚಿನ ಸೆಪ್ಟೆಂಬರ್‌ನಲ್ಲಿ ಊಸ್ಟರ್‌ಬೀಕ್‌ಗೆ ಹೋಗಿದ್ದೆ. ಅಲ್ಲಿನ ಸ್ಮಶಾನದಲ್ಲಿ 1,700ಕ್ಕೂ ಹೆಚ್ಚು ಸಮಾಧಿಗಳು. 1945ರಿಂದ ಪ್ರತಿ ವರ್ಷ ಸುತ್ತಲ ಊರಿನ ಶಾಲೆ ಮಕ್ಕಳು ಬಂದು ಹೂ ಇಡುತ್ತಾರೆ. ಒಂದೊಂದು ಕಲ್ಲಿನ ಹತ್ತಿರ ಒಂದೊಂದು ಮಗು, ಕೈಯಲ್ಲಿ ಹೂ ಹಿಡಿದು ನಿಂತಿರುತ್ತೆ. ಪ್ರಾರ್ಥನೆ, ಭಾಷಣ ಮುಗಿದು ಸೂಚನೆ ಬರುವವರೆಗೆ ಅಲುಗಾಡುವ ಹಾಗಿಲ್ಲ.

ನನ್ನ ಎದುರಿಗೆ ಒಂಬತ್ತು ಹತ್ತು ವರ್ಷದ ಹುಡುಗಿ. ಅವಳ ಮುಂದಿನ ಕಲ್ಲಿನಲ್ಲಿದ್ದ ಹೆಸರಿಗೆ ಇಪ್ಪತ್ತೊಂದು ವಯಸ್ಸು. ಬಿಸಿಲು ನೇರ ಅವಳ ಮುಖಕ್ಕೆ ಹೊಡೆಯುತ್ತಿತ್ತು. ಹೂವಿನ ಕಟ್ಟು ಭಾರವಾಗಿ ಒಂದು ಕಡೆ ವಾಲುತ್ತಿತ್ತು, ಅವಳು ಮೆಲ್ಲಗೆ ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಕಣ್ಣು ಕಲ್ಲಿನ ಮೇಲೇ ಇತ್ತು. ನಾನು ತಲೆ ತಗ್ಗಿಸಿದಾಗ ಅವಳ ಕಾಲು ಕಂಡಿತು. ಬಿಳೀ ಕ್ಯಾನ್ವಾಸ್ ಶೂನ ತುದಿಯಲ್ಲಿ, ಬಟ್ಟೆಯ ಅಡಿಯಲ್ಲಿ, ಬೆರಳುಗಳು ಒಂದಾದ ಮೇಲೊಂದು ಆಡುತ್ತಿದ್ದವು.